ಕೊಡುಗೈ ಲೋಹ, ಜಿಪುಣ ಲೋಹ: ತುತ್ತ-ಸುಣ್ಣದ ಕುಡುಗೋಲು ಪರೀಕ್ಷೆ ಕಲಿಸುವ ಪಾಠ

ತುತ್ತ-ಸುಣ್ಣದ ದ್ರಾವಣ ಸಿದ್ಧವಾದ ಮೇಲೆ ಕಬ್ಬಿಣದ ಚಾಕುವನ್ನೋ ಕುಡುಗೋಲಿನ ಅಲಗನ್ನೋ ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದು ನೋಡಬೇಕು. ಅಲಗು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಈ ಮಾತನ್ನು ಕೇಳದ ಕಾಫಿ ಬೆಳೆಗಾರರಿಲ್ಲ, ಅಡಿಕೆ ಬೆಳೆಗಾರರೂ ಇಲ್ಲ. ತಂದೆ ಮಾಡಿದ್ದನ್ನು ಮಗ ನೋಡಿ ಕಲಿತಿದ್ದಾನೆ. ಕೈಪಿಡಿಗಳಲ್ಲಿಯೂ ಇದೇ ಮಾತು ಅಚ್ಚಾಗಿದೆ.

ಆದರೆ ಬಿಳಿಯ ಕಬ್ಬಿಣದ ಮೇಲೆ ಆ ಕೆಂಪು ಬಣ್ಣ ಬರುವುದೇಕೆ ಎಂದು ಕೇಳುವವರು ಕಡಮೆ. ಕೇಳಿದರೆ ಲಾಭವುಂಟು. ಏಕೆಂದರೆ ಅಲಗಿನ ಮೇಲೆ ಒಂದು ನಿಮಿಷದಲ್ಲಿ ನಡೆದುಹೋಗುವ ಕಾರ್ಯವೇ ನಮ್ಮ ಕೊಳವೆಬಾವಿಯ ಪೈಪಿನಲ್ಲಿ, ಒಣಗಿಸುವ ಶೆಡ್ಡಿನ ತಗಡಿನಲ್ಲಿ, ಔಷಧಿ ಹೊಡೆಯುವ ಪಂಪಿನಲ್ಲಿ, ಮೋಟಾರಿಗೆ ಬರುವ ತಂತಿಯ ಗಂಟಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಕೌದಳ್ಳಿ, ಹನೂರು ಸುತ್ತಿನ ಕೊಳವೆಬಾವಿ ನಂಬಿದ ಅಡಿಕೆ ತೋಟವಾಗಲಿ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟವಾಗಲಿ, ಸಣ್ಣ ಬೆಳೆಗಾರನ ಬಂಡವಾಳದಲ್ಲಿ ಗಣನೀಯ ಭಾಗ ಲೋಹದ ರೂಪದಲ್ಲಿದೆ. ಆ ಲೋಹ ಯಾವ ನಿಯಮದಂತೆ ಸವೆಯುತ್ತದೆಂದು ತಿಳಿದಿದ್ದರೆ ಅದನ್ನು ಉಳಿಸಿಕೊಳ್ಳುವ ಉಪಾಯವೂ ತಿಳಿಯುತ್ತದೆ.

ಅಲಗಿನ ಮೇಲೆ ನಡೆಯುವುದೇನು?

ಪ್ರತಿಯೊಂದು ಪರಮಾಣುವಿನ ಹೊರಸುತ್ತಿನಲ್ಲಿ ಎಲೆಕ್ಟ್ರಾನುಗಳೆಂಬ ಋಣ ವಿದ್ಯುತ್ತಿನ ಕಣಗಳಿವೆ. ಲೋಹಗಳ ವಿಶೇಷವೆಂದರೆ ಅವು ಈ ಹೊರಗಿನ ಎಲೆಕ್ಟ್ರಾನುಗಳಲ್ಲಿ ಒಂದೆರಡನ್ನು ಬಿಟ್ಟುಕೊಡಬಲ್ಲವು. ಬಿಟ್ಟುಕೊಟ್ಟ ಪರಮಾಣು ಮೊದಲಿನ ಲೋಹವಾಗಿ ಉಳಿಯುವುದಿಲ್ಲ. ಅದು ಅಯಾನು ಎನಿಸಿಕೊಂಡು ನೀರಿನಲ್ಲಿ ಕರಗಿಹೋಗುತ್ತದೆ. ಇಲ್ಲವೆ ಆಮ್ಲಜನಕ ಮುಂತಾದುವುಗಳೊಡನೆ ಸೇರಿ ತುಕ್ಕೋ ಕಿಲುಬೋ ಆಗುತ್ತದೆ. ಎಲೆಕ್ಟ್ರಾನು ಕಳೆದುಕೊಳ್ಳುವುದಕ್ಕೆ ಶಾಸ್ತ್ರದಲ್ಲಿ ಉತ್ಕರ್ಷಣೆ ಎಂದು ಹೆಸರು. ಪಡೆದುಕೊಳ್ಳುವುದಕ್ಕೆ ಅಪಕರ್ಷಣೆ ಎಂದು ಹೆಸರು. ಒಬ್ಬ ಕೊಟ್ಟರೆ ತಾನೇ ಇನ್ನೊಬ್ಬ ತೆಗೆದುಕೊಳ್ಳುವುದು? ಆದ್ದರಿಂದ ಇವೆರಡೂ ಸದಾ ಜೊತೆಯಲ್ಲಿಯೇ ನಡೆಯುತ್ತವೆ.

ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿದಾಗ ಅದರಲ್ಲಿರುವ ತಾಮ್ರವು ತನ್ನ ಎರಡು ಎಲೆಕ್ಟ್ರಾನುಗಳನ್ನು ಈಗಾಗಲೇ ಕಳೆದುಕೊಂಡ ಸ್ಥಿತಿಯಲ್ಲಿರುತ್ತದೆ. ಅದರ ನೀಲಿ ಬಣ್ಣ ಈ ತಾಮ್ರದ ಅಯಾನಿನದು. ಅಂಥ ನೀರಿಗೆ ಕಬ್ಬಿಣವನ್ನು ಅದ್ದಿದರೆ ಎಲೆಕ್ಟ್ರಾನು ಕೊಡುವುದರಲ್ಲಿ ತಾಮ್ರಕ್ಕಿಂತ ಕೈ ಸಡಿಲವಾದ ಕಬ್ಬಿಣವು ತನ್ನದನ್ನು ತಾಮ್ರಕ್ಕೆ ಕೊಟ್ಟುಬಿಡುತ್ತದೆ. ಪಡೆದುಕೊಂಡ ತಾಮ್ರ ಮತ್ತೆ ಲೋಹವಾಗಿ ಅಲಗಿನ ಮೇಲೆ ಕೂರುತ್ತದೆ. ಕೊಟ್ಟ ಕಬ್ಬಿಣ ನೀರಿಗಿಳಿಯುತ್ತದೆ. ನಾವು ಕಾಣುವ ಕೆಂಪು ತುಕ್ಕಲ್ಲ, ಬಣ್ಣವೂ ಅಲ್ಲ. ಅದು ಅಪ್ಪಟ ತಾಮ್ರ. ಇಲ್ಲಿ ಗಾಳಿಯ ಆಮ್ಲಜನಕದ ಪಾತ್ರವೇ ಇಲ್ಲ ಎಂಬುದನ್ನೂ ಗಮನಿಸಬೇಕು. ಉತ್ಕರ್ಷಣೆಯ ಮರ್ಮವಿರುವುದು ಎಲೆಕ್ಟ್ರಾನಿನ ಕೊಡು-ಕೊಳ್ಳುವಿಕೆಯಲ್ಲಿ.

ಇದಕ್ಕೆ ಖಚಿತವಾದ ಲೆಕ್ಕವಿದೆ. ಒಂದು ಕಿಲೋ ಶುದ್ಧ ಮೈಲುತುತ್ತದಲ್ಲಿರುವ ತಾಮ್ರ ಸುಮಾರು 255 ಗ್ರಾಂ. ಮಿಕ್ಕದ್ದು ಗಂಧಕಾಮ್ಲದ ಭಾಗ ಮತ್ತು ಹರಳಿನೊಳಗಿನ ನೀರು. ಆ ತಾಮ್ರವೆಲ್ಲ ಕಬ್ಬಿಣದ ಮೇಲೆ ಕುಳಿತರೆ ಸುಮಾರು 224 ಗ್ರಾಂ ಕಬ್ಬಿಣ ಕರಗುತ್ತದೆ. ಉಳಿಯುವ ನೀರು ಮೈಲುತುತ್ತದ ನೀರಾಗಿರದೆ ಅನ್ನಭೇದಿಯ ನೀರಾಗಿರುತ್ತದೆ. ಅದರಿಂದ ಅಡಿಕೆಯ ಕೊಳೆಯೂ ನಿಲ್ಲದು, ಕಾಫಿಯ ಎಲೆತುಕ್ಕು ರೋಗವೂ ನಿಲ್ಲದು. ಕಬ್ಬಿಣದ ಬಾನಿಯಲ್ಲಿ ತುತ್ತ ಕರಗಿಸಬಾರದೆಂದು ಹಿರಿಯರು ಹೇಳುತ್ತಿದ್ದುದು ಇದಕ್ಕೇ. ಅಲ್ಲಿ ಬಾನಿಯೂ ಹೋಗುತ್ತದೆ, ಔಷಧಿಯೂ ಹೋಗುತ್ತದೆ. ಸತು ಲೇಪಿಸಿದ ಬಕೆಟ್ಟಾದರೆ ಇನ್ನೂ ಬೇಗ, ಏಕೆಂದರೆ ಸತು ಕಬ್ಬಿಣಕ್ಕಿಂತಲೂ ಕೊಡುಗೈ.

ಲೋಹಗಳ ಸರದಿ

ಯಾವ ಲೋಹ ಎಷ್ಟು ಕೊಡುಗೈ, ಯಾವುದು ಎಷ್ಟು ಜಿಪುಣ ಎಂಬುದನ್ನು ವಿಜ್ಞಾನಿಗಳು ಅಳೆದಿಟ್ಟಿದ್ದಾರೆ. ಜಲಜನಕವನ್ನು ಸೊನ್ನೆ ಎಂದಿಟ್ಟುಕೊಂಡು ಉಳಿದವುಗಳನ್ನು ವೋಲ್ಟಿನಲ್ಲಿ ಹೇಳುತ್ತಾರೆ. ಸೊನ್ನೆಗಿಂತ ಕೆಳಗೆ ಹೋದಷ್ಟೂ ಲೋಹ ಕೊಡುಗೈ. ಮೇಲೆ ಹೋದಷ್ಟೂ ಜಿಪುಣ. ನಮ್ಮ ಬಳಕೆಯ ಲೋಹಗಳ ಸರದಿ ಹೀಗಿದೆ:

ಮೆಗ್ನೀಸಿಯಂ: −2.37
ಅಲ್ಯೂಮಿನಿಯಂ: −1.66
ಸತು: −0.76
ಕಬ್ಬಿಣ: −0.44
ತವರ: −0.14
ಸೀಸ: −0.13
ಜಲಜನಕ: 0
ತಾಮ್ರ: +0.34
ಬೆಳ್ಳಿ: +0.80
ಚಿನ್ನ: +1.50

ಈ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅಲ್ಯೂಮಿನಿಯಂ, ಸತು, ಕಬ್ಬಿಣ, ತವರ, ತಾಮ್ರ: ಈ ಐದರ ಸರದಿ ನೆನಪಿದ್ದರೆ ತೋಟದ ಕೆಲಸಕ್ಕೆ ಸಾಕು. ಮೇಲಿರುವುದು ಕೆಳಗಿರುವುದಕ್ಕೆ ಕೊಡುತ್ತದೆ. ಕೊಟ್ಟದ್ದು ಸವೆಯುತ್ತದೆ, ಪಡೆದದ್ದು ಉಳಿಯುತ್ತದೆ. ಎರಡರ ನಡುವೆ ಅಂತರ ಹೆಚ್ಚಿದಷ್ಟೂ ಕೊಡುವ ಒತ್ತಡ ಹೆಚ್ಚು. ಕಬ್ಬಿಣಕ್ಕೂ ತಾಮ್ರಕ್ಕೂ ಇರುವ ಅಂತರ 0.78 ವೋಲ್ಟು, ಸತುವಿಗೂ ತಾಮ್ರಕ್ಕೂ 1.10 ವೋಲ್ಟು. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಎಂಬಾತ ಈ ಎರಡನೆಯ ಜೋಡಿಯಿಂದಲೇ ವಿದ್ಯುತ್ ಕೋಶವೊಂದನ್ನು ಕಟ್ಟಿದ. ತಂತಿ ಟಪಾಲಿಗೆ ಬಹುಕಾಲ ಶಕ್ತಿ ಒದಗಿಸಿದ್ದು ಅಂಥ ಕೋಶಗಳೇ. ಟಾರ್ಚಿನ ಸಾಧಾರಣ ಸೆಲ್ಲಿನ ಹೊರಕವಚವೂ ಸತುವೇ. ಅದು ಎಲೆಕ್ಟ್ರಾನು ಕೊಟ್ಟು ಕೊಟ್ಟು ಸವೆದು ತೂತಾದಾಗಲೇ ಸೆಲ್ಲು ಸೋರಿ ಟಾರ್ಚು ಕೆಡುವುದು.

ಸರದಿಯ ಸತ್ಯವನ್ನು ನಮ್ಮ ನಾಡಿನ ಚರಿತ್ರೆಯಲ್ಲಿಯೂ ಕಾಣಬಹುದು. ಕೊಳ್ಳೇಗಾಲಕ್ಕೆ ಹತ್ತಿರದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾದದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. 2001ರಲ್ಲಿ ಮುಚ್ಚುವವರೆಗೆ ಆ ಗಣಿಗಳಲ್ಲಿ ತೆಗೆದ ಚಿನ್ನ ಕಲ್ಲಿನೊಳಗೆ ಲೋಹವಾಗಿಯೇ ಇತ್ತು. ಕೋಟ್ಯಂತರ ವರ್ಷ ನೆಲದಲ್ಲಿದ್ದರೂ ಆ ಜಿಪುಣ ಲೋಹ ತನ್ನ ಎಲೆಕ್ಟ್ರಾನನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕಬ್ಬಿಣದ ಕಥೆ ಬೇರೆ. ಅದು ಭೂಮಿಯಲ್ಲಿ ಆಮ್ಲಜನಕಕ್ಕೆ ಎಲೆಕ್ಟ್ರಾನು ಕೊಟ್ಟು ಅದಿರಾಗಿ ಕುಳಿತಿದೆ. ಅದನ್ನು ಲೋಹ ಮಾಡಲು ಭದ್ರಾವತಿಯ ಕಾರ್ಖಾನೆಯಲ್ಲಿ 1923ರಿಂದ ಇದ್ದಿಲಿನ ಕುಲುಮೆ ಉರಿಸಬೇಕಾಯಿತು. ಅಲ್ಯೂಮಿನಿಯಮ್ಮಿಗೆ ಇದ್ದಿಲೂ ಸಾಲದು, ವಿದ್ಯುಚ್ಛಕ್ತಿಯೇ ಬೇಕು. ಆ ವಿಧಾನ ಸಿಕ್ಕಿದ್ದು 1886ರಲ್ಲಿ. ಅದಕ್ಕೆ ಮೊದಲು ಅಲ್ಯೂಮಿನಿಯಂ ದುಬಾರಿಯ ವಸ್ತುವಾಗಿತ್ತು. ಕೊಡುಗೈ ಲೋಹವನ್ನು ಅದಿರಿನಿಂದ ಬಿಡಿಸಲು ಎಷ್ಟು ಕಷ್ಟವೋ ಅದು ಮತ್ತೆ ಅದಿರಿನ ಸ್ಥಿತಿಗೆ ಮರಳಲು ಅಷ್ಟೇ ಆತುರಪಡುತ್ತದೆ. ತುಕ್ಕೆಂದರೆ ಕಬ್ಬಿಣ ತನ್ನ ತವರಿಗೆ ಹೊರಟದ್ದೆಂದು ತಿಳಿಯಬೇಕು.

ತಾಮ್ರ ಔಷಧಿಯಾದದ್ದು

ತಾಮ್ರ ಜಿಪುಣ ಲೋಹವೆಂದೆವು. ಆದರೆ ಅದೂ ಸ್ವಲ್ಪ ಸ್ವಲ್ಪ ಕೊಡುತ್ತದೆ. ಆ ಸ್ವಲ್ಪದಲ್ಲಿಯೇ ನಮ್ಮ ಬೆಳೆಯ ರಕ್ಷಣೆ ಇದೆ. 1807ರಲ್ಲಿ ಫ್ರಾನ್ಸಿನ ಬೆನೆಡಿಕ್ಟ್ ಪ್ರೆವೋ ಎಂಬಾತ ಗೋಧಿಯ ಕಾಡಿಗೆ ರೋಗವನ್ನು ಅಭ್ಯಾಸ ಮಾಡುತ್ತಿದ್ದಾಗ, ತಾಮ್ರದ ಪಾತ್ರೆಯ ಸಂಪರ್ಕವಿದ್ದ ನೀರಿನಲ್ಲಿ ಆ ರೋಗದ ಬೀಜಕಣಗಳು ಮೊಳೆಯದಿರುವುದನ್ನು ಕಂಡ. ಪಾತ್ರೆಯಿಂದ ಎಲೆಕ್ಟ್ರಾನು ಕಳೆದುಕೊಂಡು ನೀರಿಗಿಳಿದ ತಾಮ್ರದ ಅಯಾನು ಅತ್ಯಲ್ಪ. ಶಿಲೀಂಧ್ರಕ್ಕೆ ಅಷ್ಟೇ ಸಾಕು.

ಮುಂದೆ ಅದೇ ದೇಶದ ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕೀಳದಿರಲೆಂದು ರೈತರು ತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳ ಎಲೆ ರೋಗದಿಂದ ಉದುರದೆ ಉಳಿದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ 1882ರಲ್ಲಿ ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದ. ನಮ್ಮಲ್ಲಿ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿದ ಶ್ರೇಯಸ್ಸು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರದು. 1910ರಲ್ಲಿ ಅವರು ಕೊಳೆರೋಗದ ಕುರಿತು ವರದಿ ಪ್ರಕಟಿಸಿದರು. ಮಲೆನಾಡಿನ ಮಳೆಗೆ ಔಷಧಿ ತೊಳೆದುಹೋಗದಂತೆ ರಾಳದ ಅಂಟನ್ನು ಸೇರಿಸುವ ಪದ್ಧತಿ ತಂದವರೂ ಅವರೇ. ಬಾಳೆಹೊನ್ನೂರಿನ ಸಮೀಪ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದೂ ಅವರ ಕಾಲದಲ್ಲಿಯೇ.

ಸುಣ್ಣದ ಕೆಲಸವೇನು? ತುತ್ತದ ನೀರನ್ನು ಹಾಗೆಯೇ ಸಿಂಪಡಿಸಿದರೆ ತಾಮ್ರವೆಲ್ಲ ಒಮ್ಮೆಗೇ ಎಲೆಗೆ ಇಳಿದು ಎಲೆಯನ್ನೇ ಸುಡುತ್ತದೆ. ಮಳೆ ಬಂದರೆ ತೊಳೆದೂ ಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರವು ನೀರಿನಲ್ಲಿ ಕರಗದ ನೀಲಿ ಹುಡಿಯಾಗುತ್ತದೆ. ಆ ಹುಡಿ ಎಲೆಗೆ ಅಂಟಿಕೊಂಡು, ಮಳೆಹನಿ ಇಬ್ಬನಿಗಳಲ್ಲಿ ಚೂರು ಚೂರೇ ಅಯಾನು ಬಿಡುತ್ತ ವಾರಗಟ್ಟಲೆ ಕಾವಲಿರುತ್ತದೆ. ಕುಡುಗೋಲು ಪರೀಕ್ಷೆ ಪತ್ತೆ ಹಚ್ಚುವುದು ಸುಣ್ಣದ ಹಿಡಿತಕ್ಕೆ ಸಿಗದೆ ಉಳಿದ ತಾಮ್ರವನ್ನು. ಅಲಗು ಕೆಂಪಗಾಯಿತೆಂದರೆ ಎಲೆ ಸುಡುವಷ್ಟು ತಾಮ್ರ ಬಿಡುಗಡೆಯಾಗಿದೆ ಎಂದರ್ಥ.

ದ್ರಾವಣ ಮಾಡುವಾಗ

ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆಯ ಕೊಳೆಗೆ, ಕಾಫಿಯ ಕೊಳೆರೋಗಕ್ಕೆ ಈ ಪ್ರಮಾಣ. ಕಾಫಿಯ ಎಲೆತುಕ್ಕಿಗೆ ಶೇಕಡಾ ಅರ್ಧದ ದ್ರಾವಣ ರೂಢಿಯಲ್ಲಿದೆ. ತುತ್ತವನ್ನು 50 ಲೀಟರ್ ನೀರಿನಲ್ಲಿಯೂ ಸುಣ್ಣವನ್ನು ಇನ್ನು 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆ ಕರಗಿಸಿ ಸೋಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು; ಅಥವಾ ಎರಡನ್ನೂ ಮೂರನೆಯ ಪಾತ್ರೆಗೆ ಏಕಕಾಲದಲ್ಲಿ ಸುರಿಯಬೇಕು. ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು.

ಪಾತ್ರೆ ಮರದ್ದೋ ಮಣ್ಣಿನದೋ ಸಿಮೆಂಟಿನದೋ ಪ್ಲಾಸ್ಟಿಕ್ಕಿನದೋ ಆಗಿರಲಿ. ತಾಮ್ರದ ಪಾತ್ರೆಯೂ ಆದೀತು, ಏಕೆಂದರೆ ತಾಮ್ರ ತಾಮ್ರಕ್ಕೆ ಏನನ್ನೂ ಕೊಡಬೇಕಾಗಿಲ್ಲ. ಕಬ್ಬಿಣ, ಸತು ಬಳಿದ ಬಕೆಟ್ಟು, ಅಲ್ಯೂಮಿನಿಯಂ ಇವು ಮೂರೂ ಬೇಡ. ಕಲಕುವುದಕ್ಕೂ ಕಬ್ಬಿಣದ ಸರಳು ಬೇಡ, ಬಿದಿರಿನ ಕೋಲು ಸಾಕು.

ಸುಣ್ಣದ ವಿಷಯದಲ್ಲಿ ಒಂದು ಮಾತು. ಲೆಕ್ಕದ ಪ್ರಕಾರ ಒಂದು ಕಿಲೋ ತುತ್ತಕ್ಕೆ ಸುಮಾರು 300 ಗ್ರಾಂ ಶುದ್ಧವಾದ ಅರಳಿದ ಸುಣ್ಣ ಸಾಕು. ನಾವು ಹಾಕುವುದು ಅದರ ಮೂರು ಪಟ್ಟಿಗಿಂತ ಹೆಚ್ಚು. ಇಷ್ಟಾದರೂ ಅಲಗು ಕೆಂಪಗಾದರೆ ತಪ್ಪು ಸುಣ್ಣದ ತೂಕದಲ್ಲಿಲ್ಲ, ಗುಣದಲ್ಲಿದೆ. ಚೀಲ ಬಿಚ್ಚಿ ಹಲವು ತಿಂಗಳು ಇಟ್ಟ ಸುಣ್ಣ ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಸೀಮೆಸುಣ್ಣದಂಥ ಸತ್ತ ಪುಡಿಯಾಗಿರುತ್ತದೆ. ಅಂಥದನ್ನು ಎಷ್ಟು ಸುರಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಹೊಸದಾಗಿ ಅರಳಿಸಿದ ಸುಣ್ಣವನ್ನೇ ಬಳಸಬೇಕು.

ಈಗ ಪರೀಕ್ಷೆಯ ಚಾಕುವಿನ ವಿಚಾರ. ಈ ಅಂಶ ಹಳೆಯ ಕಾಲದಲ್ಲಿ ಹೇಳಬೇಕಾಗಿರಲಿಲ್ಲ, ಈಗ ಹೇಳಲೇಬೇಕಾಗಿದೆ. ಅಂದು ಮನೆಯಲ್ಲಿದ್ದದ್ದು ಕಮ್ಮಾರ ಬಡಿದ ಕಬ್ಬಿಣದ ಚಾಕು. ಇಂದು ಅಡಿಗೆಮನೆಯಲ್ಲಿರುವುದು ಸ್ಟೇನ್‌ಲೆಸ್ ಸ್ಟೀಲಿನದು; ಗಡ್ಡ ಹೆರೆಯುವ ಬ್ಲೇಡೂ ಬಹುಮಟ್ಟಿಗೆ ಅದೇ. ಆ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇದೆ. ದ್ರಾವಣದಲ್ಲಿ ತಾಮ್ರ ಬಿಡುಗಡೆಯಾಗಿದ್ದರೂ ಆ ಪೊರೆಯ ಮರೆಯಲ್ಲಿರುವ ಕಬ್ಬಿಣ ಎಲೆಕ್ಟ್ರಾನು ಕೊಡದೆ ಹೋಗಬಹುದು. ಅಲಗು ಬೆಳ್ಳಗೇ ಉಳಿಯುತ್ತದೆ. ಬೆಳೆಗಾರ ದ್ರಾವಣ ಸರಿಯಾಗಿದೆಯೆಂದು ಸಿಂಪಡಿಸುತ್ತಾನೆ. ನಾಲ್ಕು ದಿನದಲ್ಲಿ ಎಲೆಯ ಅಂಚು ಕರಕಲಾಗುತ್ತದೆ. ಆದುದರಿಂದ ಪರೀಕ್ಷೆಗೆ ಸಾದಾ ಕಬ್ಬಿಣದ ಕುಡುಗೋಲು, ಮಚ್ಚು ಅಥವಾ ಹೊಳಪು ಲೇಪವಿಲ್ಲದ ಮೊಳೆಯನ್ನೇ ಬಳಸತಕ್ಕದ್ದು. ಅದರ ಎಣ್ಣೆ, ತುಕ್ಕುಗಳನ್ನು ಮರಳು ಕಾಗದದಿಂದ ಉಜ್ಜಿ ತೆಗೆದು, ಹೊಳೆಯುವ ಭಾಗವನ್ನು ಅದ್ದಬೇಕು.

ಪೊರೆ ಎಂಬ ಕವಚ

ಸರದಿಯಲ್ಲಿ ಕಬ್ಬಿಣಕ್ಕಿಂತ ಬಹಳ ಮೇಲಿರುವ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಬೇಗ ಹಾಳಾಗಬೇಕಿತ್ತಲ್ಲ, ಪಾತ್ರೆಗಳು ಇಪ್ಪತ್ತು ಮೂವತ್ತು ವರ್ಷ ಬಾಳುವುದು ಹೇಗೆ? ಉತ್ತರ ಈ ಪೊರೆಯಲ್ಲಿದೆ. ಅಲ್ಯೂಮಿನಿಯಂ ಗಾಳಿಗೆ ಸೋಕಿದ ಕ್ಷಣದಲ್ಲಿಯೇ ಆಮ್ಲಜನಕಕ್ಕೆ ಎಲೆಕ್ಟ್ರಾನು ಕೊಟ್ಟು ಮೇಲುಮೈಯಲ್ಲಿ ತೆಳುವಾದ ಗಟ್ಟಿ ಪದರವನ್ನು ಕಟ್ಟಿಕೊಳ್ಳುತ್ತದೆ. ಆ ಪದರ ಗಾಳಿ ನೀರುಗಳನ್ನು ಒಳಕ್ಕೆ ಬಿಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬೆರೆತಿರುವ ಕ್ರೋಮಿಯಂ ಅದೇ ರೀತಿಯ ಪದರವನ್ನು ಕಟ್ಟುತ್ತದೆ. ಸಾದಾ ಕಬ್ಬಿಣದ ತುಕ್ಕಿಗೆ ಈ ಗುಣವಿಲ್ಲ. ಅದು ಸಡಿಲವಾದ ಪುಡಿ; ತಾನು ಉದುರಿ ಒಳಗಿನ ಹೊಸ ಕಬ್ಬಿಣವನ್ನು ಮತ್ತೆ ಬಯಲಿಗೆ ತರುತ್ತದೆ.

ಆದರೆ ಕವಚಕ್ಕೂ ಶತ್ರುಗಳುಂಟು. ಅಲ್ಯೂಮಿನಿಯಮ್ಮಿನ ಪೊರೆಯನ್ನು ಸುಣ್ಣದ ತಿಳಿ ಕರಗಿಸಿಬಿಡುತ್ತದೆ. ಆಮೇಲೆ ಲೋಹವೇ ನೊರೆಗುಟ್ಟುತ್ತ ಕರಗುತ್ತದೆ. ಸುಣ್ಣ ನೆನೆಸಲು ಅಲ್ಯೂಮಿನಿಯಂ ಪಾತ್ರೆ ಸಲ್ಲದೆಂಬುದಕ್ಕೆ ಇದೇ ಕಾರಣ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಅಲ್ಯೂಮಿನಿಯಮ್ಮಿನ ಪೊರೆಯನ್ನೂ ಸ್ಟೀಲಿನ ಪೊರೆಯನ್ನೂ ಅಲ್ಲಲ್ಲಿ ಚುಚ್ಚಿ ಗುಂಡಿ ಬೀಳಿಸುತ್ತದೆ. ಗೊಬ್ಬರ ಹಾಕಿದ ಪಾತ್ರೆಯನ್ನು ಅಂದೇ ತೊಳೆದು ಬೋರಲು ಹಾಕುವುದು ಒಳ್ಳೆಯದು.

ಸತುವಿನ ಬಲಿ, ತವರದ ಮುಸುಕು

ಜಿ.ಐ. ಪೈಪು, ಜಿ.ಐ. ತಗಡು ಎಂದರೆ ಸತು ಬಳಿದ ಕಬ್ಬಿಣ. ಎಣ್ಣೆಯ ಡಬ್ಬ ತವರ ಬಳಿದ ಕಬ್ಬಿಣ. ಎರಡೂ ಹೊಸದಾಗಿದ್ದಾಗ ಹೊಳೆಯುತ್ತವೆ. ಆದರೆ ಗೀರು ಬಿದ್ದ ಮೇಲೆ ಎರಡರ ಗತಿ ಬೇರೆ ಬೇರೆ.

ಜಿ.ಐ. ತಗಡಿನ ಗೀರಿನಲ್ಲಿ ನೀರು ನಿಂತರೆ ಸತು ಮುಂದೆ ಬಂದು ಎಲೆಕ್ಟ್ರಾನು ಕೊಡುತ್ತದೆ, ಏಕೆಂದರೆ ಸರದಿಯಲ್ಲಿ ಅದು ಕಬ್ಬಿಣಕ್ಕಿಂತ ಮೇಲಿದೆ. ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಸುತ್ತ ಸತು ಇರುವವರೆಗೂ ಸಣ್ಣ ಗೀರಿಗೆ ಭಯವಿಲ್ಲ. ಎಣ್ಣೆ ಡಬ್ಬದ ಗೀರಿನಲ್ಲಿ ಇದಕ್ಕೆ ತದ್ವಿರುದ್ಧ. ತವರ ಕಬ್ಬಿಣಕ್ಕಿಂತ ಜಿಪುಣ. ಅಲ್ಲಿ ಕೊಡಬೇಕಾದದ್ದು ಕಬ್ಬಿಣವೇ. ಮುಸುಕು ಹರಿದ ಜಾಗದಲ್ಲಿ ಬರಿಯ ಕಬ್ಬಿಣಕ್ಕಿಂತಲೂ ವೇಗವಾಗಿ ತೂತು ಬೀಳುತ್ತದೆ. ಖಾಲಿ ಡಬ್ಬವನ್ನು ಕತ್ತರಿಸಿ ಮಾಡಿಗೆ ಹೊದಿಸಿದವರಿಗೆ ಇದು ಎರಡೇ ಮಳೆಗಾಲದಲ್ಲಿ ತಿಳಿಯುತ್ತದೆ.

ಅದೇ ತವರ ಹಿತ್ತಾಳೆ ತಾಮ್ರದ ಪಾತ್ರೆಗೆ ಕಲಾಯಿಯಾದಾಗ ಒಳ್ಳೆಯ ರಕ್ಷಕ. ತಾಮ್ರಕ್ಕಿಂತ ತವರ ಸ್ವಲ್ಪ ಕೊಡುಗೈ. ಹುಣಿಸೆಹುಳಿಗೆ ತಾನು ಎದುರಾಗಿ ತಾಮ್ರ ಸಾರಿಗೆ ಇಳಿಯದಂತೆ, ಕಿಲುಬು ಹಿಡಿಯದಂತೆ ನೋಡಿಕೊಳ್ಳುತ್ತದೆ. ಒಂದು ಲೋಹ ರಕ್ಷಕನೋ ಭಕ್ಷಕನೋ ಎಂಬುದು ಅದರ ಪಕ್ಕದಲ್ಲಿ ಯಾವುದಿದೆ ಎಂಬುದರ ಮೇಲೆ ನಿಂತಿದೆ.

ಈ ವಿಚಾರದಲ್ಲಿ ಹಡಗುಗಳ ಪ್ರಸಂಗವೊಂದು ನಮಗೂ ಬುದ್ಧಿ ಹೇಳುವಂತಿದೆ. ಇಂಗ್ಲೆಂಡಿನ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಸಮುದ್ರದ ನೀರಿನಲ್ಲಿ ತಾಮ್ರ ಸವೆಯುತ್ತಿತ್ತು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಆ ತಾಮ್ರಕ್ಕೆ ಸತು, ಕಬ್ಬಿಣದ ತುಂಡುಗಳನ್ನು ಜೋಡಿಸುವ ಸಲಹೆ ಕೊಟ್ಟ. ಹೇಳಿದಂತೆಯೇ ತುಂಡುಗಳು ಸವೆದು ತಾಮ್ರ ಉಳಿಯಿತು. ಆದರೆ ಹಡಗಿನ ತಳಕ್ಕೆ ಪಾಚಿ, ಚಿಪ್ಪುಹುಳುಗಳು ಮುತ್ತಿಕೊಂಡು ಹಡಗುಗಳು ನಿಧಾನವಾದವು. ತಾಮ್ರ ಸವೆಯುತ್ತ ಬಿಡುತ್ತಿದ್ದ ಅಯಾನೇ ಅವುಗಳನ್ನು ದೂರವಿಟ್ಟಿತ್ತು. ಎಲೆಯ ಮೇಲಿನ ತುತ್ತ-ಸುಣ್ಣದಂತೆ ಅಲ್ಲಿಯೂ ತಾಮ್ರ ಸ್ವಲ್ಪ ಸವೆದರೇನೇ ಕೆಲಸ. ಸವೆತವನ್ನೆಲ್ಲ ನಿಲ್ಲಿಸುವುದು ಜಾಣತನವಲ್ಲ. ಯಾವುದು ಸವೆಯಬೇಕು, ಯಾವುದು ಉಳಿಯಬೇಕು ಎಂಬುದನ್ನು ನಾವು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಎರಡು ಲೋಹ ಸೇರುವ ಕಡೆ

ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿ, ಅವುಗಳ ಮೇಲೆ ನೀರು ನಿಂತರೆ ಅಲ್ಲೊಂದು ಸಣ್ಣ ವಿದ್ಯುತ್ ಕೋಶ ಹುಟ್ಟಿತೆಂದೇ ತಿಳಿಯಬೇಕು. ನೀರಿನಲ್ಲಿ ಉಪ್ಪಿನಂಶ ಹೆಚ್ಚಿದಷ್ಟೂ ಕೋಶ ಚುರುಕು. ಸವಳು ನೀರಿನ ಕೊಳವೆಬಾವಿಯಲ್ಲಿ ಕಬ್ಬಿಣ ಬೇಗ ಹೋಗುವುದಕ್ಕೆ ಇದೂ ಒಂದು ಕಾರಣ. ನಮ್ಮ ತೋಟಗಳಲ್ಲಿ ಇಂಥ ಜಾಗಗಳು ನಾಲ್ಕಾರು ಇವೆ.

ಮೊದಲನೆಯದು ಪೈಪಿನ ಜೋಡಣೆ. ಜಿ.ಐ. ಪೈಪಿಗೆ ಥ್ರೆಡ್ಡು ಹಾಕುವಾಗ ಅಲ್ಲಿಯ ಸತು ಕತ್ತರಿಸಿಹೋಗುತ್ತದೆ. ಆ ಬತ್ತಲೆ ಕಬ್ಬಿಣಕ್ಕೆ ಹಿತ್ತಾಳೆಯ ವಾಲ್ವು ತಿರುಗಿಸಿದರೆ ತುಕ್ಕು ಅಲ್ಲಿಂದಲೇ ಶುರು. ದೊಡ್ಡ ಹಿತ್ತಾಳೆಯ ಪಕ್ಕದಲ್ಲಿ ಸಣ್ಣ ಕಬ್ಬಿಣದ ಭಾಗವಿದ್ದರೆ ಆ ಸಣ್ಣದರ ಮೇಲೆ ಹೊರೆಯೆಲ್ಲ ಬೀಳುವುದರಿಂದ ಅದು ಅತಿ ಬೇಗ ಸಾಯುತ್ತದೆ. ಹಿತ್ತಾಳೆ ಪಂಪಿಗೆ ಕಬ್ಬಿಣದ ಬೋಲ್ಟು ಹಾಕಬಾರದೆಂಬುದು ಇದಕ್ಕೇ. ನಡುವೆ ಒಂದು ಪ್ಲಾಸ್ಟಿಕ್ ಜೋಡಣೆ ಇಟ್ಟರೆ ಎಲೆಕ್ಟ್ರಾನಿನ ದಾರಿಯೇ ಕಡಿದುಹೋಗುತ್ತದೆ. ಖರ್ಚು ಅಲ್ಪ, ಉಪಕಾರ ಬಹಳ.

ಎರಡನೆಯದು ಔಷಧಿಯ ಪಂಪು. ಪಂಪಿನ ಮೈ ಹಿತ್ತಾಳೆಯದಾದರೂ ಒಳಗಿನ ಸ್ಪ್ರಿಂಗು, ಕೀಲುಗಳು ಉಕ್ಕಿನವು. ದ್ರಾವಣ ಒಳಗೆ ಉಳಿದರೆ ಅವು ಸವೆಯುತ್ತವೆ. ಸುಣ್ಣವೂ ಗಟ್ಟಿಯಾಗಿ ನಾಸಲ್ ಕಟ್ಟುತ್ತದೆ. ಸಂಜೆ ದಣಿದು ಬಂದವರಿಗೆ ಪಂಪು ತೊಳೆಯುವುದು ಬೇಸರದ ಕೆಲಸವೇ ಸರಿ. ಆದರೂ ಎರಡು ಕೊಡ ನೀರು ಹರಿಸಿ, ಒಣಗಿಸಿ, ಒಂದಿಷ್ಟು ಎಣ್ಣೆ ಮುಟ್ಟಿಸಿ ಇಟ್ಟ ಪಂಪು ಮುಂದಿನ ವರ್ಷ ಹೇಳಿದ ಮಾತು ಕೇಳುತ್ತದೆ.

ಮೂರನೆಯದು ಶೆಡ್ಡಿನ ತಗಡು. ತಗಡಿಗೆ ಸತು ಬಳಿದ ಮೊಳೆ, ಸ್ಕ್ರೂಗಳನ್ನೇ ಹೊಡೆಯಬೇಕು. ತಗಡಿನ ಮೇಲೆ ತಾಮ್ರದ ತಂತಿ ಎಳೆಯಬಾರದು, ಮೈಲುತುತ್ತದ ಚೀಲವನ್ನು ತಗಡಿನ ಗೋಡೆಗೆ ಒರಗಿಸಿಡಬಾರದು. ತಾಮ್ರದಿಂದ ಹನಿಯುವ ನೀರು ಸತುವಿನ ಮೇಲೆ ಬಿದ್ದರೆ ಕುಡುಗೋಲಿನ ಕಥೆಯೇ ಅಲ್ಲಿಯೂ ನಡೆಯುತ್ತದೆ: ತಾಮ್ರ ಚುಕ್ಕೆ ಚುಕ್ಕೆಯಾಗಿ ಕೂರುತ್ತದೆ, ಒಂದೊಂದು ಚುಕ್ಕೆಯೂ ಒಂದೊಂದು ಕೋಶವಾಗಿ ಸುತ್ತಲ ಸತುವನ್ನು ತಿನ್ನುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಹೆಚ್ಚು ನಷ್ಟ ತರುವಂಥದು, ಮೋಟಾರಿನ ತಂತಿ. ಕಂಬದಿಂದ ಬರುವುದು ಸಾಮಾನ್ಯವಾಗಿ ಅಲ್ಯೂಮಿನಿಯಂ ತಂತಿ. ಸ್ಟಾರ್ಟರಿನಿಂದ ಮೋಟಾರಿಗೆ ಹೋಗುವುದು ತಾಮ್ರದ ತಂತಿ. ಎರಡನ್ನೂ ನೇರವಾಗಿ ಹೆಣೆದು ಟೇಪು ಸುತ್ತುವವರುಂಟು. ಸರದಿಯಲ್ಲಿ ಇವೆರಡರ ನಡುವೆ ಎರಡು ವೋಲ್ಟಿನ ಅಂತರವಿದೆ. ಮಳೆಯ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ, ಗಂಟು ಸಡಿಲವಾಗಿ ಕಾಯುತ್ತದೆ, ಒಂದು ಫೇಸು ಕಡಿದು ಮೂರು ಫೇಸಿನ ಮೋಟಾರು ಸುಟ್ಟುಹೋಗುತ್ತದೆ. 500 ಅಡಿ ಆಳದ ಬಾವಿಯಿಂದ ಪಂಪು ಎತ್ತಿ, ಮೋಟಾರು ಕಟ್ಟಿಸಿ, ಮತ್ತೆ ಇಳಿಸುವಷ್ಟರಲ್ಲಿ ಬೇಸಿಗೆಯ ಅಡಿಕೆ ಸಸಿಗಳು ಬಾಡುತ್ತವೆ. ಈ ಎರಡು ಲೋಹಗಳನ್ನು ಸೇರಿಸಲೆಂದೇ ಬೈಮೆಟಲ್ ಲಗ್ಗುಗಳು ಅಂಗಡಿಗಳಲ್ಲಿ ಸಿಗುತ್ತವೆ. ಬಲ್ಲ ಎಲೆಕ್ಟ್ರಿಷಿಯನ್ ಕೈಯಿಂದ ಅವನ್ನು ಹಾಕಿಸಿ, ನೀರು ಬೀಳದ ಪೆಟ್ಟಿಗೆಯಲ್ಲಿಡಬೇಕು.

ಅಡಿಕೆ ಬೇಯಿಸುವ ಹಂಡೆ

ಕೆಂಪಡಿಕೆ ಮಾಡುವ ಮಲೆನಾಡಿನ ಮನೆಗಳಲ್ಲಿ ಅಡಿಕೆ ಬೇಯಿಸುತ್ತಿದ್ದುದು ತಾಮ್ರದ ಹಂಡೆಯಲ್ಲಿ. ಅದು ಬರಿಯ ಐಶ್ವರ್ಯದ ಪ್ರದರ್ಶನವಲ್ಲ. ಅಡಿಕೆಯ ಚೊಗರಿನಲ್ಲಿರುವ ಒಗರಿನ ಅಂಶವು ಕಬ್ಬಿಣದ ಅಯಾನು ಸಿಕ್ಕಿದೊಡನೆ ಕಡುಗಪ್ಪಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದುದು ಇದೇ ತತ್ತ್ವದಿಂದ. ಕಬ್ಬಿಣ ಕೊಡುಗೈಯಾದ್ದರಿಂದ ಚೊಗರಿಗೆ ಬೇಗ ಇಳಿಯುತ್ತದೆ. ತಾಮ್ರ ಜಿಪುಣವಾದ್ದರಿಂದ ತಡೆದುಕೊಳ್ಳುತ್ತದೆ. ಬಣ್ಣಕ್ಕೆ ಬೆಲೆ ಕಟ್ಟುವ ಮಾರುಕಟ್ಟೆಯಲ್ಲಿ ಪಾತ್ರೆಯ ಲೋಹವೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಈಚೆಗೆ ಅಡಿಕೆ ಹಾಕಿ ಮನೆಯಲ್ಲಿಯೇ ಬೇಯಿಸುವ ಯೋಚನೆ ಇರುವ ಸದಸ್ಯರು ಕಬ್ಬಿಣದ ಕಡಾಯಿ ಕೊಳ್ಳುವ ಮೊದಲು ಇದನ್ನು ನೆನೆಯಬೇಕು.

ಈ ಹಂಗಾಮಿಗೆ ಮೊದಲು

ಮಲೆನಾಡಿನಷ್ಟು ಮಳೆ ನಮ್ಮ ಭಾಗಕ್ಕಿಲ್ಲವಾದ್ದರಿಂದ ಸಿಂಪಡಣೆಯ ದಿನಗಳೂ ಇಲ್ಲಿ ಕಡಮೆ. ಸಿಕ್ಕ ಒಂದೆರಡು ದಿನಗಳಲ್ಲಿ ಕೆಟ್ಟ ದ್ರಾವಣ ಹೊಡೆದರೆ ಕೂಲಿ, ತುತ್ತ, ಎಲೆ ಮೂರೂ ನಷ್ಟ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದಾಗಬಾರದು. ಆದಕಾರಣ ಸದಸ್ಯ ಬಾಂಧವರು ಮಳೆ ಹಿಡಿಯುವ ಮೊದಲೇ ಒಂದು ದಿನ ಬಿಡುವು ಮಾಡಿಕೊಂಡು ಈ ಕೆಲಸಗಳನ್ನು ಮುಗಿಸಿಕೊಳ್ಳಬೇಕೆಂದು ಕೋರಿಕೆ.

ಮನೆಯಲ್ಲಿರುವ ಸುಣ್ಣ ಹಳೆಯದೋ ಹೊಸದೋ ನೋಡಿ. ತುತ್ತ ಕರಗಿಸಲು ಪ್ಲಾಸ್ಟಿಕ್ ಪೀಪಾಯಿ ತೆಗೆದಿಡಿ. ಸಾದಾ ಕಬ್ಬಿಣದ ಒಂದು ಹಳೆಯ ಕುಡುಗೋಲನ್ನು ಉಜ್ಜಿ ಪರೀಕ್ಷೆಗೆಂದೇ ಮೀಸಲಿಡಿ. ಪಂಪಿನ ಬೋಲ್ಟುಗಳನ್ನು ಪರಿಶೀಲಿಸಿ. ಕರೆಂಟು ತೆಗೆಸಿ, ಸ್ಟಾರ್ಟರಿನ ಬಳಿಯ ತಂತಿಯ ಗಂಟನ್ನು ಬಿಚ್ಚಿಸಿ ನೋಡಿ. ಬಿಳಿ ಪುಡಿ ಕಂಡರೆ ತಡಮಾಡಬೇಡಿ.

ನೀರು, ಗಾಳಿ, ಗೊಬ್ಬರ ಇರುವವರೆಗೆ ಲೋಹಗಳ ನಡುವಿನ ಕೊಡು-ಕೊಳ್ಳುವಿಕೆ ನಿಲ್ಲುವುದಿಲ್ಲ. ಎರಡು ಲೋಹ ಜೋಡಿಸುವಾಗಲೆಲ್ಲ ಇವುಗಳಲ್ಲಿ ಕೊಡುವವರು ಯಾರು ಎಂದು ಒಮ್ಮೆ ಕೇಳಿಕೊಂಡರೆ ಸಾಕು. ಕೊಡುವುದು ಅಗ್ಗದ ಸತುವಾಗಿದ್ದರೆ ನಿಶ್ಚಿಂತೆ. ಮೋಟಾರಿನ ತಂತಿಯೋ ಬಾವಿಯ ಪೈಪೋ ಆಗಿದ್ದರೆ ಜೋಡಣೆಯನ್ನು ಅಂದೇ ಬದಲಾಯಿಸುವುದು ಲೇಸು.